ಮೊದಲ ಡ್ರಾಫ್ಟ್ ಯಾವುದಕ್ಕೆ ಸೇರೋದು? ಕ್ವಿಕ್, ಪ್ರೀಮಿಯರ್, ಟ್ರೆಡಿಷನಲ್, ಸೀಲ್ಡ್: ಹೊಸಬರಿಗೊಂದು ಹೋಲಿಕೆ

ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಶುರು ಮಾಡಿ ಸ್ವಲ್ಪ ದಿನ ಆದ್ಮೇಲೆ, ಬೇರೆಯೋರ ಡೆಕ್ ಲಿಸ್ಟ್ ಕಾಪಿ ಹೊಡ್ದು ಆಡೋದು ಬೋರಾದ್ಮೇಲೆ, ಎಲ್ರಿಗೂ ಡ್ರಾಫ್ಟ್ ಮೇಲೆ ಕಣ್ಣು ಬೀಳುತ್ತೆ. ಅರೀನಾ (ಮ್ಯಾಜಿಕ್ ಆನ್‌ಲೈನಲ್ಲಿ ಆಡೋ ಆ್ಯಪ್) ಓಪನ್ ಮಾಡಿದ್ರೆ ಕ್ವಿಕ್ ಡ್ರಾಫ್ಟ್, ಪ್ರೀಮಿಯರ್ ಡ್ರಾಫ್ಟ್, ಟ್ರೆಡಿಷನಲ್ ಡ್ರಾಫ್ಟ್, ಸೀಲ್ಡ್ ಅಂತ ಸಾಲಾಗಿ ಇರುತ್ತೆ, ಅಂಗಡಿ ಕಡೆ ಹೋದ್ರೆ ಪ್ರೀರಿಲೀಸ್ ಒಂದು, ಶುಕ್ರವಾರದ ಡ್ರಾಫ್ಟ್ ಇನ್ನೊಂದು. ಯಾರನ್ನ ಕೇಳಿದ್ರೂ "ಅಗ್ಗದ್ದು ನೋಡ್ಕೋ, ಕ್ವಿಕ್ ಡ್ರಾಫ್ಟ್ ಆಡು" ಅಂತಾರೆ. ಅದು ಅರ್ಧ ಸರಿ. ಯಾವ ಡ್ರಾಫ್ಟು ಅಗ್ಗ ಅನ್ನೋದು ಎಂಟ್ರಿ ಫೀ ಮೇಲೆ ಅಷ್ಟೇ ನಿಂತಿಲ್ಲ, ನೀವು ಹತ್ತಕ್ಕೆ ಎಷ್ಟು ಗೇಮ್ ಗೆಲ್ತೀರ ಅನ್ನೋದ್ರ ಮೇಲೆ ನಿಂತಿದೆ, ಮತ್ತೆ ಅಲ್ಲಿ ಏನು ಕಲೀತೀರ ಅನ್ನೋದ್ರ ಮೇಲೂ.

ಗೊತ್ತಿಲ್ದೋರಿಗೆ ಎರಡು ಮಾತಲ್ಲಿ ಹೇಳ್ತೀನಿ. ಡ್ರಾಫ್ಟಿಗೆ ಮನೆಯಿಂದ ಡೆಕ್ ತರೋ ಹಾಗಿಲ್ಲ. ಸಾಮಾನ್ಯವಾಗಿ 8 ಜನ ಸುತ್ತ ಕೂರ್ತಾರೆ, ಒಬ್ಬೊಬ್ರಿಗೆ 3 ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಅಂತ ಒಡೆಯೋವರ್ಗೂ ಗೊತ್ತಾಗದ ಪೊಟ್ಟಣ). ಪ್ಯಾಕ್ ಒಡೆದು ಒಂದು ಕಾರ್ಡ್ ಇಟ್ಕೊಂಡು ಉಳಿದಿದ್ದನ್ನ ಎಡಗಡೆಯೋರಿಗೆ ದಾಟಿಸ್ಬೇಕು, ಬಲಗಡೆಯಿಂದ ಬಂದಿದ್ರಲ್ಲಿ ಇನ್ನೊಂದು ಎತ್ಕೋಬೇಕು, ಹೀಗೇ ಖಾಲಿ ಆಗೋವರ್ಗೂ. ಎರಡನೇ ಪ್ಯಾಕ್ ಬಲಕ್ಕೆ ಹೋಗುತ್ತೆ, ಮೂರನೇದು ಮತ್ತೆ ಎಡಕ್ಕೆ. 2024ರಿಂದ ಬರ್ತಿರೋ ಪ್ಲೇ ಬೂಸ್ಟರಲ್ಲಿ 14 ಕಾರ್ಡ್, ಅದರಲ್ಲೊಂದು ಹೆಚ್ಚಾಗಿ ಲ್ಯಾಂಡ್ (ಬೇರೆ ಕಾರ್ಡ್ ಆಡೋಕೆ ಬೇಕಾದ ಶಕ್ತಿ, ಅಂದ್ರೆ ಮನಾ, ಕೊಡೋ ಕಾರ್ಡ್). ಕೊನೆಗೆ ಕೈಗೆ ಬಂದಿದ್ರಲ್ಲಿ 23 ಕಾರ್ಡ್ ಆರಿಸಿ, 17 ಲ್ಯಾಂಡ್ ಸೇರಿಸಿ, 40ರ ಡೆಕ್ ಕಟ್ಟಿ ಆಡೋದು. ಸೀಲ್ಡಲ್ಲಿ ಈ ದಾಟಿಸೋ ವ್ಯವಹಾರನೇ ಇಲ್ಲ, 6 ಪ್ಯಾಕ್ ಕೊಡ್ತಾರೆ, ಅದರಲ್ಲೇ 40 ಕಾರ್ಡ್ ಕಟ್ಕೋಬೇಕು.

ಮೊದ್ಲು ಜೆಮ್ಸ್ ಲೆಕ್ಕ

ಜೆಮ್ಸ್, ಗೋಲ್ಡ್ ಅಂದ್ರೆ ಅರೀನಾದೊಳಗಿನ ದುಡ್ಡು. ಕ್ವಿಕ್ ಡ್ರಾಫ್ಟಿಗೆ 750 ಜೆಮ್ಸ್ ಇಲ್ಲಾ 5000 ಗೋಲ್ಡ್, ಪ್ರೀಮಿಯರಿಗೆ ಅದರ ಡಬಲ್, 1500 ಜೆಮ್ಸ್ ಇಲ್ಲಾ 10,000 ಗೋಲ್ಡ್. ಎರಡರಲ್ಲೂ 7 ಗೆಲ್ಲೋವರ್ಗೂ ಅಥ್ವಾ 3 ಸೋಲೋವರ್ಗೂ ಆಡ್ಬಹುದು. ಇಲ್ಲಿಗೆ ನಿಲ್ಲಿಸಿದ್ರೆ ಕ್ವಿಕ್ಕೇ ಅಗ್ಗ ಅನ್ಸುತ್ತೆ, ಆದ್ರೆ ವಾಪಸ್ ಎಷ್ಟು ಬರುತ್ತೆ ನೋಡಿ. ಕ್ವಿಕ್‌ನಲ್ಲಿ 3 ಗೆದ್ರೆ 300 ಜೆಮ್ಸ್, ಅಂದ್ರೆ ಕೈಯಿಂದ ಹೋಗಿದ್ದು 450. ಪ್ರೀಮಿಯರಲ್ಲಿ 3 ಗೆದ್ರೆ 1000 ಜೆಮ್ಸ್, ಕೈಯಿಂದ ಹೋಗಿದ್ದು 500, ಜೊತೆಗೆ ಪ್ಯಾಕ್ 2. ಹತ್ರ ಹತ್ರ ಒಂದೇ ಆಯ್ತಲ್ಲ! ಆದ್ರೆ 2 ಗೆಲುವಿಗೆ ನಿಂತ್ರೆ ಪ್ರೀಮಿಯರಲ್ಲಿ ಬರೋದು ಬರೀ 250, ನಷ್ಟ 1250, ಅದೇ ಕ್ವಿಕ್‌ನಲ್ಲಿ 550. ಆ ಮೂರನೇ ಗೆಲುವಿನ ಹತ್ರ ಒಂದು ದೊಡ್ಡ ಮೆಟ್ಟಿಲಿದೆ, ಅದನ್ನ ಹತ್ತಿದ್ರೋ ಬಿಟ್ರೋ ಅನ್ನೋದೇ ಇಡೀ ವ್ಯತ್ಯಾಸ.

ಈಗ ಮೂರು ಸೋಲೋ ಮುಂಚೆ ಮೂರು ಗೆಲ್ಲೋ ಚಾನ್ಸ್ ಎಷ್ಟು? ಹತ್ತಕ್ಕೆ ಐದು ಗೆಲ್ಲೋರಿಗೆ ಸರಿಯಾಗಿ ಅರ್ಧಕ್ಕರ್ಧ. ಹತ್ತಕ್ಕೆ ನಾಲ್ಕು ಗೆಲ್ಲೋರಿಗೆ 32% ಅಷ್ಟೇ, ಮೂರು ಸಲ ಸೇರಿದ್ರೆ ಎರಡು ಸಲ ಮೆಟ್ಟಿಲು ಹತ್ತೋಕೇ ಆಗಲ್ಲ. ಬಹುಮಾನದ ಪಟ್ಟಿ ಇಟ್ಕೊಂಡು ಸರಾಸರಿ ತೆಗೆದ್ರೆ (ಪ್ಯಾಕ್‌ಗಳನ್ನ ಬಿಟ್ಟು, ಬರೀ ಜೆಮ್ಸ್) ಹತ್ತಕ್ಕೆ ನಾಲ್ಕು ಗೆಲ್ಲೋರು ಒಂದು ಕ್ವಿಕ್ ಡ್ರಾಫ್ಟಿಗೆ ಸುಮಾರು 520 ಜೆಮ್ಸ್ ಕಳ್ಕೋತಾರೆ, ಒಂದು ಪ್ರೀಮಿಯರಿಗೆ ಸುಮಾರು 980. ಹತ್ತಕ್ಕೆ ಐದು ಅಂದ್ರೆ 400 ಮತ್ತೆ 680. ಹತ್ತಕ್ಕೆ ಆರು ಗೆಲ್ಲೋ ಹೊತ್ತಿಗೆ ಅದು 250 ಮತ್ತೆ 310 ಆಗುತ್ತೆ, ಪ್ರೀಮಿಯರಲ್ಲಿ ಜಾಸ್ತಿ ಬರೋ ಪ್ಯಾಕ್ ಸೇರಿಸ್ಕೊಂಡ್ರೆ ಅದೇ ವಾಸಿ. ಹಾಗಾಗಿ ಹೊಸಬರಿಗೆ ಕ್ವಿಕ್ ಅಗ್ಗ ಅನ್ನೋದು ನಿಜ, ಆಟ ಹತ್ತಿದ್ಮೇಲೂ ಅಲ್ಲೇ ಕೂತಿರೋದಕ್ಕೆ ಮಾತ್ರ ಅರ್ಥ ಇಲ್ಲ. ಬಹುಮಾನಗಳನ್ನ ಅರೀನಾದವರು ಆಗಾಗ ಬದಲಾಯಿಸೋದೂ ಉಂಟು, ಎಂಟ್ರಿ ಒತ್ತೋ ಮುಂಚೆ ಇವೆಂಟ್ ಪೇಜಲ್ಲಿ ಒಂದ್ಸಲ ನೋಡ್ಕೊಳಿ.

ಇನ್ನೊಂದು, ಜೆಮ್ಸ್ ದುಡ್ಡು ಕೊಟ್ಟು ತಗೊಳ್ಳೋ ಅವಸರ ಬೇಡ. ದಿನದ ಕ್ವೆಸ್ಟಿಗೆ 500 ಇಲ್ಲಾ 750 ಗೋಲ್ಡ್ ಸಿಗುತ್ತೆ, ದಿನದ ಗೆಲುವುಗಳಿಗೆ ಬೇರೆ ಸಿಗುತ್ತೆ, ಒಂದು ವಾರದೊಳಗೆ ಆರಾಮಾಗಿ ಕ್ವಿಕ್ ಡ್ರಾಫ್ಟಿಗೆ ಬೇಕಾದಷ್ಟು ಕೂಡುತ್ತೆ. ಎತ್ಕೊಂಡ ಕಾರ್ಡೆಲ್ಲ ನಿಮ್ಮ ಕಲೆಕ್ಷನ್ನಿಗೇ ಹೋಗೋದ್ರಿಂದ ಸೋತ್ರೂ ಪೂರ್ತಿ ಬರಿಗೈ ಅಲ್ಲ.

ಬಾಟ್ ಜೊತೆನಾ, ಮನುಷ್ಯರ ಜೊತೆನಾ

ಕ್ವಿಕ್ ಡ್ರಾಫ್ಟಲ್ಲಿ ನಿಮ್ಮ ಜೊತೆ ಪ್ಯಾಕ್ ದಾಟಿಸೋರು ಮನುಷ್ಯರಲ್ಲ, ಕಂಪ್ಯೂಟರ್ ಓಡಿಸೋ ಬಾಟ್‌ಗಳು. ಗೇಮ್ ಮಾತ್ರ ಮನುಷ್ಯರ ಜೊತೆನೇ. ಇದರಲ್ಲೊಂದು ದೊಡ್ಡ ಅನುಕೂಲ ಇದೆ, ಅದನ್ನ ಯಾರೂ ಜಾಸ್ತಿ ಹೇಳಲ್ಲ: ಟೈಮರ್ ಇಲ್ಲ. ಒಂದೊಂದು ಕಾರ್ಡನ್ನೂ ಓದಿ, ಅರ್ಥ ಆಗ್ದಿದ್ರೆ ಹುಡುಕಿ, ಮಧ್ಯ ಊಟ ಮಾಡ್ಕೊಂಡು ಬಂದು ಉಳಿದ ಪಿಕ್ ಮಾಡಿದ್ರೂ ಏನೂ ಆಗಲ್ಲ, ಬಾಟ್‌ಗಳು ಕಾಯ್ತಾ ಇರ್ತವೆ. ಪ್ರೀಮಿಯರಲ್ಲಿ ಗಡಿಯಾರ ಓಡ್ತಿರುತ್ತೆ, ಹೊಸ ಸೆಟ್ಟಲ್ಲಿ (ಸೆಟ್ ಅಂದ್ರೆ ಒಟ್ಟಿಗೆ ಬಿಡುಗಡೆ ಆಗೋ ಕಾರ್ಡ್‌ಗಳ ಕಂತು) ಒಂದು ಪ್ಯಾಕಿನಷ್ಟು ಹೊಸ ಕಾರ್ಡ್ ಒಟ್ಟಿಗೆ ಮುಂದೆ ಬಂದಾಗ ಓದಿ ಮುಗಿಸೋ ಹೊತ್ತಿಗೆ ಟೈಮ್ ಆಗಿ ಆ್ಯಪೇ ಯಾವುದೋ ಒಂದನ್ನ ಎತ್ಕೊಂಡುಬಿಡುತ್ತೆ.

ಆದ್ರೆ ಬಾಟ್ ಕಲಿಸದೇ ಇರೋದು ಒಂದಿದೆ, ಡ್ರಾಫ್ಟಿನ ಜೀವಾನೇ ಅದು. ರಮ್ಮಿ ಆಡಿದೋರಿಗೆ ಹೇಳ್ಬೇಕಾಗಿಲ್ಲ, ಪಕ್ಕದೋರು ಏನು ಎತ್ಕೊಂಡ್ರು ಏನು ಬಿಸಾಕಿದ್ರು ಅಂತ ನೋಡ್ಕೊಂಡೇ ನಮ್ಮ ಆಟ ನಡೆಯೋದು. ಡ್ರಾಫ್ಟಲ್ಲೂ ಅಷ್ಟೇ. ಫೌಂಡೇಷನ್ಸ್ ಸೆಟ್ಟನ್ನೇ ತಗೊಳಿ, 2024ರ ನವೆಂಬರಲ್ಲಿ ಬಂದಿದ್ದು, ಹೊಸಬರಿಗೆ ಅಂತಲೇ ಸರಳವಾಗಿ ಮಾಡಿರೋದು. ಮೊದಲನೇ ಪ್ಯಾಕಲ್ಲಿ ಆರನೇ ಪಿಕ್‌ಗೆ ನಿಮ್ಮ ಕೈಗೆ ವ್ಯಾಂಪೈರ್ ನೈಟ್‌ಹಾಕ್ ಬಂತು ಅನ್ಕೊಳಿ. ಮೂರು ಮನಾಗೆ 2/3 (2 ಹೊಡೆಯೋ, 3 ತಾಳೋ ಶಕ್ತಿ) ಇರೋ ಕ್ರೀಚರ್, ಅಂದ್ರೆ ಕಾದಾಡೋ ಜೀವಿ, ಹಾರುತ್ತೆ, ಡೆತ್‌ಟಚ್ (ಅದು ಹೊಡೆದ ಕ್ರೀಚರ್ ಸಾಯುತ್ತೆ) ಇದೆ, ಲೈಫ್‌ಲಿಂಕ್ (ಹೊಡೆದಷ್ಟು ನಿಮ್ಮ ಲೈಫ್ ಏರುತ್ತೆ) ಇದೆ. ಇಂಥದ್ದು ಐದು ಜನರ ಕೈ ದಾಟಿ ಬಂದಿದೆ ಅಂದ್ರೆ ನಿಮಗೆ ಪ್ಯಾಕ್ ಕಳಿಸ್ತಿರೋ ಕಡೆ ಬ್ಲ್ಯಾಕ್ (ಮ್ಯಾಜಿಕ್ ಕಾರ್ಡಿನ ಐದು ಬಣ್ಣಗಳಲ್ಲೊಂದು) ಆಡೋರು ಬಹುಶಃ ಯಾರೂ ಇಲ್ಲ, ಹಾಗಾಗಿ ಮೂರನೇ ಪ್ಯಾಕಲ್ಲೂ ಅದೇ ಕಡೆಯಿಂದ ಬ್ಲ್ಯಾಕ್ ಹರ್ಕೊಂಡು ಬರುತ್ತೆ. ಇದಕ್ಕೇ ಸಿಗ್ನಲ್ ಅನ್ನೋದು. ಅದೇ ಕಾರ್ಡ್ ಬಾಟ್ ದಾಟಿಸಿದ್ರೆ? ಆ ಬಾಟ್‌ಗೆ ಕೊಟ್ಟಿರೋ ರೇಟಿಂಗಲ್ಲಿ ಆ ಕಾರ್ಡು ಕೆಳಗಿದೆ ಅಂತಲೂ ಇರ್ಬಹುದು. ಹಾಗಾಗಿ ಕ್ವಿಕ್‌ನಲ್ಲಿ ಪಳಗಿದೋರು "ಈ ಕಾರ್ಡನ್ನ ಬಾಟ್‌ಗಳು ಬಿಟ್ಟುಬಿಡ್ತವೆ, ಲೇಟಾಗಿ ಸಿಗುತ್ತೆ" ಅಂತ ಬಾಯಿಪಾಠ ಮಾಡ್ಕೊಂಡು ಆಡ್ತಾರೆ, ಆ ವಿದ್ಯೆ ಮನುಷ್ಯರ ಟೇಬಲ್ಲಿಗೆ ಬಂದ್ರೆ ಮೂರು ಕಾಸಿಗೂ ಬರಲ್ಲ.

ಜೊತೆಗೆ ವೀಲ್ ಅನ್ನೋದೊಂದಿದೆ. 8 ಜನ ಇದ್ದಾಗ ನೀವು ಮೊದಲು ಒಡೆದ ಪ್ಯಾಕು ಒಂದು ಸುತ್ತು ಹೊಡ್ಕೊಂಡು ಒಂಬತ್ತನೇ ಪಿಕ್‌ಗೆ ನಿಮ್ಮ ಹತ್ರಾನೇ ವಾಪಸ್ ಬರುತ್ತೆ, 6 ಕಾರ್ಡ್ ಉಳಿದಿರುತ್ತೆ. ಮೊದಲನೇ ಸಲ ನೋಡಿದ್ದು ನೆನಪಿಟ್ಕೊಂಡಿದ್ರೆ ಯಾವ ಬಣ್ಣದ ಕಾರ್ಡ್ ಹೋಯ್ತು ಯಾವುದು ಉಳೀತು ಅನ್ನೋದು ಎದುರಿಗೇ ಕಾಣುತ್ತೆ. ನಾಲ್ಕು ಒಳ್ಳೆ ಗ್ರೀನ್ ಕಾಮನ್ (ಸುಲಭವಾಗಿ ಸಿಗೋ ಕಾರ್ಡ್) ಇದ್ದಿದ್ದು ಎರಡು ಹಾಗೇ ಉಳಿದಿದ್ರೆ ಗ್ರೀನ್ ಕಡೆ ತಿರುಗೋದು ತಪ್ಪಲ್ಲ.

ನನ್ನ ಲೆಕ್ಕದಲ್ಲಿ, ಕಾರ್ಡ್ ಓದೋದು, ಡೆಕ್ ಕಟ್ಟೋದು, ಎಷ್ಟು ಲ್ಯಾಂಡ್ ಎಷ್ಟು ಕ್ರೀಚರ್ ಅನ್ನೋ ಅಂದಾಜು ಬರೋವರ್ಗೂ ಕ್ವಿಕ್. 3 ಗೆಲುವು ಆಗಾಗ ಬರೋಕೆ ಶುರುವಾದ ಕೂಡ್ಲೇ ಪ್ರೀಮಿಯರ್. ಅಲ್ಲಿವರ್ಗೂ ಗೋಲ್ಡಲ್ಲೇ ಸೇರಿ.

ಒಂದೇ ಗೇಮಾ, ಮೂರರಲ್ಲಿ ಎರಡಾ

ಟ್ರೆಡಿಷನಲ್ ಡ್ರಾಫ್ಟಿಗೂ ಪ್ರೀಮಿಯರಿನಷ್ಟೇ ಎಂಟ್ರಿ, ಮನುಷ್ಯರ ಜೊತೆನೇ ಡ್ರಾಫ್ಟ್, ಆದ್ರೆ ಒಂದೊಂದು ಮ್ಯಾಚೂ ಬೆಸ್ಟ್ ಆಫ್ ತ್ರೀ. ಗೆದ್ರೂ ಸೋತ್ರೂ ಮೂರು ಮ್ಯಾಚ್ ಆಡ್ಬಹುದು, ಅಂದ್ರೆ ಕೆಟ್ಟ ದಿನದಲ್ಲೂ ಕನಿಷ್ಠ 6 ಗೇಮ್ ಆಡಿದ ಹಾಗಾಯ್ತು. ಪ್ರೀಮಿಯರಲ್ಲಿ ಲಕ್ ಕೈ ಕೊಟ್ರೆ 3 ಗೇಮಿಗೆ ಮುಗೀತು, 1500 ಜೆಮ್ಸ್ ಕೊಟ್ಟು ಅರ್ಧ ಗಂಟೆಯಲ್ಲಿ ಮನೆಗೆ. ಆಡಿ ಕಲೀಬೇಕು ಅನ್ನೋರಿಗೆ ಟ್ರೆಡಿಷನಲ್ ಚೆನ್ನಾಗಿದೆ ಅಂತ ಇಲ್ಲಿವರ್ಗೂ ಅನ್ಸುತ್ತೆ.

ಒಂದು ತೊಡಕಿದೆ. ಕ್ವಿಕ್ ಮತ್ತೆ ಪ್ರೀಮಿಯರ್ ಎರಡೂ ರ‍್ಯಾಂಕ್ ಇರೋ ಡ್ರಾಫ್ಟ್. ನೀವು ಬ್ರಾಂಜಲ್ಲಿದ್ರೆ (ಎಲ್ಲಕ್ಕಿಂತ ಕೆಳಗಿನ ರ‍್ಯಾಂಕ್) ಎದುರಾಳಿ ಹುಡುಕೋವಾಗ ನಿಮ್ಮ ರ‍್ಯಾಂಕನ್ನೂ ನೋಡ್ತಾರೆ, ಹೆಚ್ಚಾಗಿ ನಿಮ್ಮಂಥೋರೇ ಸಿಗ್ತಾರೆ. ಟ್ರೆಡಿಷನಲಲ್ಲಿ ರ‍್ಯಾಂಕ್ ಇಲ್ಲ, ವರ್ಷಗಟ್ಲೆ ಆಡಿರೋ ಮಿಥಿಕ್ (ಎಲ್ಲಕ್ಕಿಂತ ಮೇಲಿನ ರ‍್ಯಾಂಕ್) ಆಸಾಮಿ ಮೊದಲನೇ ಮ್ಯಾಚಲ್ಲೇ ಎದುರು ಬಂದು ಕೂರ್ಬಹುದು. ಸೈಡ್‌ಬೋರ್ಡ್ ಬದಲಾಯಿಸೋದೂ ಅಲ್ಲಿ ಲೆಕ್ಕಕ್ಕೆ ಬರುತ್ತೆ, ಡ್ರಾಫ್ಟಲ್ಲಿ ನೀವು ಎತ್ಕೊಂಡು ಡೆಕ್ಕಿಗೆ ಹಾಕ್ದೇ ಇರೋದೆಲ್ಲಾ ಸೈಡ್‌ಬೋರ್ಡೇ ಆಗಿರೋದ್ರಿಂದ ಎದುರಾಳಿ ಹತ್ರ ಆರ್ಟಿಫ್ಯಾಕ್ಟ್ ಜಾಸ್ತಿ ಕಂಡ್ರೆ ಎರಡನೇ ಗೇಮಿಗೆ ಅದನ್ನ ಒಡೆಯೋ ಕಾರ್ಡ್ ಒಳಗೆ ತರ್ಬಹುದು. ಒಂದೇ ಗೇಮಿನ ಡ್ರಾಫ್ಟಲ್ಲಿ ಆ ಥರದ ಕಾರ್ಡಿಗೆ ಪಿಕ್ ಖರ್ಚು ಮಾಡೋದು ಹೆಚ್ಚಾಗಿ ದಂಡ.

ಹಾಗಾಗಿ ನಿಮಗೆ ಅಂಗಡಿಯ ಟೂರ್ನಮೆಂಟ್ ಆಡೋ ಆಸೆ ಇದ್ರೆ ಟ್ರೆಡಿಷನಲ್ಲೇ ತಯಾರಿ, ಯಾಕಂದ್ರೆ ಅಲ್ಲಿ ನಡೆಯೋದು ಬೆಸ್ಟ್ ಆಫ್ ತ್ರೀನೇ, 50 ನಿಮಿಷದ ರೌಂಡು. ಪ್ರೋ ಟೂರ್ ಅನ್ನೋ ದೊಡ್ಡ ಟೂರ್ನಮೆಂಟಲ್ಲೂ ಮೊದಲೆರಡು ದಿನ ಬೆಳಿಗ್ಗೆ ಮೂರು ರೌಂಡ್ ಡ್ರಾಫ್ಟೇ ಇರುತ್ತೆ. ಬರೀ ಫೋನಲ್ಲಿ ಸಂಜೆ ಹೊತ್ತು ಆಡ್ತೀನಿ ಅನ್ನೋರಿಗೆ ಪ್ರೀಮಿಯರ್ ಸಾಕು.

ಸೀಲ್ಡ್ ಮತ್ತೆ ಪ್ರೀರಿಲೀಸ್

ಅರೀನಾದಲ್ಲಿ ಸೀಲ್ಡಿಗೆ 2000 ಜೆಮ್ಸ್. ಹೊಸಬರಿಗೆ ನಾನು ಹೇಳಲ್ಲ, ದುಬಾರಿ, ಸಿಕ್ಕ ಪ್ಯಾಕ್ ಚೆನ್ನಾಗಿಲ್ದಿದ್ರೆ ಮಾಡೋಕೆ ಏನೂ ಇಲ್ಲ.

ಅಂಗಡಿಯ ಪ್ರೀರಿಲೀಸ್ ವಿಷ್ಯ ಬೇರೆ. ಅದೂ ಸೀಲ್ಡೇ, ಹೊಸ ಸೆಟ್ ಮಾರಾಟಕ್ಕೆ ಬರೋ ಒಂದು ವಾರ ಮುಂಚೆ ನಡೆಯುತ್ತೆ, ಕಿಟ್ಟಲ್ಲಿ 6 ಬೂಸ್ಟರು, ಒಂದು ಪ್ರೋಮೋ ಕಾರ್ಡು, ಒಂದು ಡೈಸು. ಅವತ್ತು ಅಲ್ಲಿರೋ ಯಾರಿಗೂ ಆ ಸೆಟ್ ಆಡಿ ಅಭ್ಯಾಸ ಇರಲ್ಲ, ಹಳಬರೂ ಕಾರ್ಡ್ ಎತ್ತಿ ಎತ್ತಿ ಓದ್ತಾ ಇರ್ತಾರೆ. ಡೆಕ್ ಕಟ್ಟೋವಾಗ ಪಕ್ಕದೋರನ್ನ "ಸರ್ ಇದ್ರಲ್ಲಿ ಯಾವುದು ಬಿಡ್ಲಿ" ಅಂತ ಕೇಳಿದ್ರೆ ಹೆಚ್ಚಾಗಿ ಖುಷಿಯಾಗೇ ಹೇಳ್ತಾರೆ. ಎದುರಿಗೆ ಮನುಷ್ಯರು ಕೂತಾಗ ಹೊಸಬರಿಗೆ ಮೊದಲನೇ ಮೆಟ್ಟಿಲು ಇದೇ ಇರ್ಲಿ, ಡ್ರಾಫ್ಟ್ ನೆಕ್ಸ್ಟ್. ನಿಮ್ಮೂರಲ್ಲಿ ಎಲ್ಲಿ ಆಡಿಸ್ತಾರೆ ಅಂತ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಸ್ಟೋರ್ ಲೊಕೇಟರಲ್ಲಿ ಹುಡುಕಿ. ಸ್ಲೀವ್ (ಕಾರ್ಡಿಗೆ ಹಾಕೋ ಪ್ಲಾಸ್ಟಿಕ್ ಕವರ್) ತಗೊಂಡು ಹೋಗಿ. ಅಂಗಡಿ ಡ್ರಾಫ್ಟಿಗೆ ಹೋದಾಗ ಪಿಕ್ ಮಾಡೋವಾಗ ಮಾತಾಡೋದು, ಪಕ್ಕದೋರ ಕೈ ಇಣುಕೋದು ಬೇಡ, ಅಷ್ಟು ಗೊತ್ತಿದ್ರೆ ಸಾಕು.

ನಾಲ್ಕೇ ಜನ ಸ್ನೇಹಿತರಿದ್ರೆ 2025ರಲ್ಲಿ ಸ್ಪೈಡರ್‌ಮ್ಯಾನ್ ಸೆಟ್ ಜೊತೆ ಬಂದ ಪಿಕ್-ಟು ಡ್ರಾಫ್ಟ್ ನೋಡಿ, ಒಂದ್ಸಲಕ್ಕೆ ಎರಡೆರಡು ಕಾರ್ಡ್ ಎತ್ಕೊಳ್ಳೋದು. ಮನೆಯಲ್ಲಿ ಆಡೋಕೆ ಬೇಗ ಮುಗಿಯುತ್ತೆ.

ಕೂತ್ಮೇಲಿನ ಆಯ್ಕೆಗಳು

ಬಾಂಬ್ (ಒಂಟಿಯಾಗೇ ಗೇಮ್ ಗೆಲ್ಲಿಸೋ ಕಾರ್ಡ್) ಮೊದ್ಲು, ಆಮೇಲೆ ರಿಮೂವಲ್ (ಎದುರಾಳಿಯ ಕ್ರೀಚರ್ ತೆಗೆಯೋ ಕಾರ್ಡ್), ಆಮೇಲೆ ಹಾರೋ ಕ್ರೀಚರ್ ಅಂತ ಹಳೇ ಕಾಲದ ಒಂದು ಪಟ್ಟಿ ಇದೆ, ಈಗಲೂ ಹೊಸಬರಿಗೆ ಅದನ್ನೇ ಬಾಯಿಪಾಠ ಮಾಡಿಸ್ತಾರೆ. ಪೂರ್ತಿ ಸುಳ್ಳಲ್ಲ, ಆದ್ರೆ ಅದನ್ನ ಕಣ್ಣು ಮುಚ್ಚಿ ಹಿಡಿದ್ರೆ ಕೈಯಲ್ಲಿ ಐದು ಆರು ಮನಾ ಕಾರ್ಡ್‌ಗಳ ಗುಡ್ಡೆ ಬಿದ್ದಿರುತ್ತೆ, ಎರಡನೇ ಟರ್ನಲ್ಲಿ ಇಳಿಸೋಕೆ ಏನೂ ಇರಲ್ಲ.

ಒಂದು ಪ್ಯಾಕ್ ಕಣ್ಣ ಮುಂದೆ ತನ್ನಿ. ಮತ್ತೆ ಫೌಂಡೇಷನ್ಸೇ, ಮೊದಲ ಪ್ಯಾಕ್ ಮೊದಲ ಪಿಕ್, ಎದುರಿಗೆ ಡೇ ಆಫ್ ಜಡ್ಜ್‌ಮೆಂಟ್ ಅನ್ನೋ ರೇರ್ ಇದೆ, ಸೆರಾ ಏಂಜಲ್ ಇದೆ, ಬರ್ಸ್ಟ್ ಲೈಟ್ನಿಂಗ್ ಅನ್ನೋ ಕಾಮನ್ ಇದೆ. ಹೊಸಬರ ಕೈ ಸೀದಾ ರೇರ್ ಮೇಲೆ ಹೋಗುತ್ತೆ. ನಾಲ್ಕು ಮನಾಗೆ ಎಲ್ಲಾ ಕ್ರೀಚರನ್ನೂ ನಾಶ ಮಾಡುತ್ತೆ ನಿಜ, ಆದ್ರೆ ಡ್ರಾಫ್ಟ್ ಡೆಕ್ಕಲ್ಲಿ 15-16 ಕ್ರೀಚರ್ ಇರೋದು ನಿಮ್ಮ ಹತ್ರಾನೂ ಅಲ್ವಾ, ನಿಮ್ಮದೂ ಎಲ್ಲಾ ಸಾಯ್ತವೆ. ಅದನ್ನ ಸರಿಯಾಗಿ ಬಳಸ್ಬೇಕು ಅಂದ್ರೆ ಕೈಯಲ್ಲಿ ಕ್ರೀಚರ್ ಹಿಡ್ಕೊಂಡು, ಎದುರಾಳಿ ಜಾಸ್ತಿ ಇಳಿಸೋವರ್ಗೂ ಹೊಡೆತ ತಿಂತಾ ಕಾಯೋ ತಾಳ್ಮೆ ಬೇಕು, ಮೊದಲನೇ ಡ್ರಾಫ್ಟಿಗೆ ಅದು ಬೇಡ. ಸೆರಾ ಏಂಜಲ್ ಐದು ಮನಾ, 4/4, ಹಾರುತ್ತೆ, ಅಟ್ಯಾಕ್ ಮಾಡಿಯೂ ಬ್ಲಾಕ್ ಮಾಡೋಕೆ ನಿಂತಿರುತ್ತೆ, ಒಂಟಿಯಾಗೇ ಗೇಮ್ ಗೆಲ್ಲಿಸೋ ತಾಕತ್ತಿದೆ. ಬರ್ಸ್ಟ್ ಲೈಟ್ನಿಂಗ್ ಒಂದು ಮನಾಗೆ 2 ಡ್ಯಾಮೇಜ್, ಕಿಕ್ಕರ್ (ಬೇಕಿದ್ರೆ ಕೊಡೋ ಹೆಚ್ಚಿನ ಮನಾ) ಸೇರಿಸಿ ಒಟ್ಟು ಐದು ಮನಾ ಕೊಟ್ರೆ 4 ಡ್ಯಾಮೇಜ್, ಅಂದ್ರೆ ಆ ಏಂಜಲನ್ನೇ ಕೆಡವುತ್ತೆ. ನಾನಾಗಿದ್ರೆ ಲೈಟ್ನಿಂಗ್ ಎತ್ಕೋತೀನಿ, ಶುರುವಲ್ಲೂ ಕೆಲಸಕ್ಕೆ ಬರುತ್ತೆ ಕೊನೆಯಲ್ಲೂ ಬರುತ್ತೆ, ಒಂದೇ ರೆಡ್ ಮನಾ ಸಾಕು, ಏಂಜಲಿಗೆ ಎರಡು ವೈಟ್ ಬೇಕು. ಏಂಜಲ್ ಎತ್ಕೊಂಡೋರ ಜೊತೆ ಜಗಳಕ್ಕೆ ಹೋಗಲ್ಲ. ರೇರ್ ಎತ್ಕೊಂಡೋರ ಜೊತೆ ಹೋಗ್ತೀನಿ.

ಜೋರಾಗಿ ನುಗ್ಗೋ ಅಗ್ರೋ ಡೆಕ್ಕಾ, ನಿಧಾನಕ್ಕೆ ಆಡೋ ಕಂಟ್ರೋಲ್ ಡೆಕ್ಕಾ ಅನ್ನೋದ್ರಲ್ಲಿ ಹೊಸಬರಿಗೆ ಅಗ್ರೋನೇ ಸರಿ. ಅದು ಸುಲಭ ಅನ್ನೋ ಕಾರಣಕ್ಕಲ್ಲ. ಎದುರಾಳಿ ಲ್ಯಾಂಡ್ ಸಿಗದೆ ಒದ್ದಾಡೋವಾಗ ಬೇಗ ಮುಗಿಸೋ ಡೆಕ್ಕು ನಿಮ್ಮದಾಗಿದ್ರೆ ಆ ಗೇಮ್ ನಿಮಗೆ ಬಿಟ್ಟಿ ಸಿಕ್ಕಿದ ಹಾಗೆ, ನಿಧಾನದ ಡೆಕ್ಕಾದ್ರೆ ಅವರು ಚೇತರಿಸ್ಕೊಂಡು ಎದ್ದು ಬರ್ತಾರೆ. ಎರಡು ಮನಾ ಕ್ರೀಚರ್ ಒಂದೈದಾರು ಇರ್ಲಿ, ಅದಕ್ಕೇ ಎರಡನೇ ಪ್ಯಾಕಿನ ಮಧ್ಯ ಬಂದಾಗ "ನನ್ನ ಹತ್ರ ಟೂ ಡ್ರಾಪ್ ಎಷ್ಟಿದೆ" ಅಂತ ಒಮ್ಮೆ ಎಣಿಸಿ, ಕಮ್ಮಿ ಇದ್ರೆ ಸ್ವಲ್ಪ ಚೆಂದದ ನಾಲ್ಕು ಮನಾ ಕಾರ್ಡ್ ಬಿಟ್ಟಾದ್ರೂ ಸಾಧಾರಣ ಟೂ ಡ್ರಾಪ್ ಎತ್ಕೊಳಿ.

ಅಂಕಿಅಂಶ ನೋಡೋರಿಗೆ 17ಲ್ಯಾಂಡ್ಸ್ ಅನ್ನೋ ಸೈಟ್ ಇದೆ, ಅರೀನಾ ಆಡೋರ ಡೇಟಾ ಕೂಡಿಸಿ ಯಾವ ಕಾರ್ಡ್ ಕೈಗೆ ಬಂದಾಗ ಎಷ್ಟು ಗೆಲುವು ಅಂತ ತೋರಿಸುತ್ತೆ. ಡ್ರಾಫ್ಟಿಗೆ ಮುಂಚೆ ಕಾಮನ್‌ಗಳ ಪಟ್ಟಿ ಕಣ್ಣಾಡಿಸಿ, ರೇರ್‌ಗಳ ಗೊಡವೆ ಬೇಡ, ಅವು ಹೇಗೂ ಅಪರೂಪ. ಒಂದು ಎಚ್ಚರ: ಅಲ್ಲಿ ಡೇಟಾ ಕೊಡೋರು ಸರಾಸರಿಗಿಂತ ಚೆನ್ನಾಗಿ ಆಡೋರೇ ಜಾಸ್ತಿ, ಹಾಗಾಗಿ 50% ಅಂತ ಕಂಡ ಕಾರ್ಡು ಮಧ್ಯಮ ಅಲ್ಲ, ಕಳಪೆ. ಅದೇ ಸೆಟ್ಟಿನ ಬೇರೆ ಕಾರ್ಡಿನ ಪಕ್ಕ ಇಟ್ಟೇ ನೋಡ್ಬೇಕು.

ಎರಡು ಬಣ್ಣಾನಾ, ಮೂರನೇದು ಸ್ವಲ್ಪ ಸ್ಪ್ಲ್ಯಾಶ್ ಮಾಡ್ಲಾ? ಒಂದು ಬಾಂಬ್ ಸಿಕ್ಕಿದೆ, ಅದಕ್ಕೆ ಆ ಬಣ್ಣದ 3 ಲ್ಯಾಂಡ್ ಹಾಕ್ತೀನಿ ಅಂತೀರ. 40 ಕಾರ್ಡಲ್ಲಿ 3 ಲ್ಯಾಂಡ್, ನೀವು ಮೊದಲು ಆಡೋರಾದ್ರೆ ಐದನೇ ಟರ್ನ್ ಹೊತ್ತಿಗೆ 11 ಕಾರ್ಡ್ ನೋಡಿರ್ತೀರ, ಆ ಮೂರರಲ್ಲಿ ಒಂದೂ ಬಂದಿರದೇ ಇರೋ ಸಾಧ್ಯತೆ 37%. ಅಂದ್ರೆ ಮೂರು ಗೇಮಿಗೆ ಒಂದಕ್ಕಿಂತ ಜಾಸ್ತಿ ಸಲ ಆ ಬಾಂಬ್ ಐದನೇ ಟರ್ನಲ್ಲಿ ಕೈಯಲ್ಲಿ ಕೊಳೀತಾ ಕೂತಿರುತ್ತೆ, ಮೇಲಿಂದ ಆ 3 ಲ್ಯಾಂಡ್ ನಿಮ್ಮ ಮುಖ್ಯ ಬಣ್ಣಗಳ ಜಾಗಾನೂ ತಿಂದಿರುತ್ತೆ. ಎರಡು ಬಣ್ಣ ಕೊಡೋ ಲ್ಯಾಂಡ್ ಇಲ್ಲಾ ಗ್ರೀನಿನ ಮನಾ ಸಹಾಯ ಇಲ್ದೇ ಸ್ಪ್ಲ್ಯಾಶ್ ಮಾಡ್ಬೇಡಿ, ಮಾಡಿದ್ರೂ ಒಂದೇ ಬಣ್ಣದ ಚಿಹ್ನೆ ಇರೋ ಕಾರ್ಡಿಗೆ ಮಾತ್ರ, ಸೆರಾ ಏಂಜಲ್ ಥರ ಎರಡು ಕೇಳೋದಕ್ಕಂತೂ ಬೇಡವೇ ಬೇಡ.

ಲ್ಯಾಂಡ್ 17 ಹಾಕೋದಾ 16 ಹಾಕೋದಾ ಅನ್ನೋದು ಮುಗಿಯದ ವಾದ. 17 ಹಾಕಿದ್ರೆ ಮೊದಲ ಏಳು ಕಾರ್ಡಲ್ಲಿ ಸರಾಸರಿ 3 ಲ್ಯಾಂಡಿಗೆ ಕೂದಲೆಳೆ ಕಮ್ಮಿ, 16ಕ್ಕೆ 2.8. ಅರೀನಾದ ಒಂದೇ ಗೇಮಿನ ಡ್ರಾಫ್ಟಲ್ಲಿ ಮೊದಲ ಕೈ ಕೊಡೋವಾಗ ಸಿಸ್ಟಮ್ಮೇ ಒಂದಕ್ಕಿಂತ ಹೆಚ್ಚು ಕೈ ತೆಗೆದು ನಿಮ್ಮ ಡೆಕ್ಕಿನ ಲ್ಯಾಂಡ್ ಪ್ರಮಾಣಕ್ಕೆ ಹತ್ರ ಇರೋದನ್ನ ಕೊಡೋ ಕಡೆ ವಾಲುತ್ತೆ, ಹಾಗಾಗಿ ಕ್ವಿಕ್ ಮತ್ತೆ ಪ್ರೀಮಿಯರಲ್ಲಿ ಅಗ್ಗದ ಕಾರ್ಡ್‌ಗಳ ಅಗ್ರೋ ಡೆಕ್ಕಿಗೆ 16 ಧೈರ್ಯವಾಗಿ ಹಾಕಿ. ಬೆಸ್ಟ್ ಆಫ್ ತ್ರೀಯಲ್ಲಿ ಮತ್ತೆ ಅಂಗಡಿಯ ಟೇಬಲ್ಲಲ್ಲಿ ಆ ಸಹಾಯ ಇಲ್ಲ, ಅಲ್ಲಿ 17, ಆರು ಏಳು ಮನಾ ಕಾರ್ಡ್ ಎರಡು ಮೂರು ಇದ್ರೆ ಎಲ್ಲಿ ಆಡಿದ್ರೂ 17ರಿಂದ ಕೆಳಗಿಳೀಬೇಡಿ.